ಸಹಾಯ ಬೇಕು: ಕ್ರೂಸ್ ಹಡಗಿನ ಈಜುಕೊಳದಲ್ಲಿ ಮಕ್ಕಳ ಸುರಕ್ಷತೆ

ಎಲ್ಲರಿಗೂ ನಮಸ್ಕಾರ. 6 ಮತ್ತು 3 ವರ್ಷದ ಮಕ್ಕಳೊಂದಿಗೆ ಮೊದಲ ಬಾರಿಗೆ ಕ್ರೂಸ್ ಪ್ರಯಾಣಕ್ಕೆ ಹೊರಟಿರುವ ನಮಗೆ ಅನುಭವಸ್ಥರ ಸಲಹೆ ಬೇಕಾಗಿದೆ. ರಾಯಲ್ ಕೆರಿಬಿಯನ್ ಸಂಸ್ಥೆಯು ತನ್ನ ಹಡಗುಗಳ ಈಜುಕೊಳಗಳಿಗೆ ಜೀವರಕ್ಷಕರನ್ನು ನೇಮಿಸುವುದಾಗಿ 2017ರಲ್ಲಿ ಪ್ರಕಟಿಸಿತ್ತು. ಆದರೆ ನಾವು ಟಿಕೆಟ್ ಕಾಯ್ದಿರಿಸಿರುವ ಸಂಸ್ಥೆಯ ಪತ್ರದಲ್ಲಿ ‘ಮಕ್ಕಳ ಹೊಣೆ ಪೋಷಕರದ್ದೇ’ ಎಂಬ ಒಂದೇ ಸಾಲಿದೆ. ಮುಳುಗುತ್ತಿರುವ ಮಗು ಸಾಮಾನ್ಯವಾಗಿ ಕೂಗಿಕೊಳ್ಳುವುದಿಲ್ಲ; ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕೆ ಬಂದು, ಸದ್ದಿಲ್ಲದೆ ಕೆಳಗಿಳಿಯುತ್ತದೆ. ಸಾಲದ್ದಕ್ಕೆ, ಹಡಗು ಓಲಾಡಿದಾಗ ಕೊಳದ ನೀರೂ ಹೊಯ್ದಾಡುತ್ತದೆ. ಮಕ್ಕಳ ಅಳತೆಯ ಲೈಫ್ ಜಾಕೆಟ್ಟುಗಳನ್ನು ಕೊಳದ ಬಳಿ ಕೊಡುತ್ತಾರೆಯೇ, ಅಥವಾ ನಾವೇ ಒಯ್ಯಬೇಕೇ? (ಗಾಳಿ ತುಂಬುವ ತೋಳುಪಟ್ಟಿಗಳ ಮೇಲೆ ನನಗೆ ನಂಬಿಕೆಯಿಲ್ಲ.) ಡಯಾಪರ್ ಬಿಡದ ಕಿರಿಯವಳನ್ನು ಕೊಳಕ್ಕೆ ಇಳಿಸಲು ಬಿಡುತ್ತಾರೆಯೇ? ಜೀವರಕ್ಷಕರಿರುವ ಹಡಗಿನಲ್ಲಿ ಪ್ರಯಾಣಿಸಿದವರು, ಅವರು ಯಾವ ಹೊತ್ತಿನಲ್ಲಿ, ಯಾವ ಕೊಳಗಳ ಬಳಿ ಇರುತ್ತಾರೆಂಬುದನ್ನು ದಯವಿಟ್ಟು ತಿಳಿಸಿ.