ಅಮ್ಮನಿಗೆ ಕೀಮೋ ನಡೀತಿದೆ, ರಾತ್ರಿ ನಿದ್ದೆ ಇಲ್ಲ. ಮೈಂಡ್‌ಫುಲ್‌ನೆಸ್ ಮಾಡಿಸಬಹುದಾ?

ತೀರ್ಥಹಳ್ಳಿ ಹುಡುಗಿ
ಅಮ್ಮನಿಗೆ 58. ಸ್ತನ ಕ್ಯಾನ್ಸರ್, ಆಪರೇಷನ್ ಆಗಿ ಈಗ ಕೀಮೋ. ಕೀಮೋ ಕೊಟ್ಟ ದಿನ, ಅದರ ಮಾರನೇ ದಿನ ರಾತ್ರಿ ಕಣ್ಣೇ ಮುಚ್ಚಲ್ಲ. ಎರಡು ಗಂಟೆಗೆ ಎದ್ದು ಅಡುಗೆಮನೆ ಟ್ಯೂಬ್‌ಲೈಟ್ ಹಾಕಿಕೊಂಡು ಮೊರದಲ್ಲಿ ಅಕ್ಕಿ ಆರಿಸ್ತಾ ಕೂತಿರ್ತಾಳೆ. ಕೇಳಿದ್ರೆ "ನೀ ಹೋಗಿ ಮಲ್ಕೊ, ನಂಗೇನಾಗಿಲ್ಲ" ಅಂತಾಳೆ. ನೋಡಕ್ಕೆ ಬರೋ ನೆಂಟರೆಲ್ಲ "ಧೈರ್ಯವಾಗಿರು, ಕೆಟ್ಟದ್ದು ಯೋಚಿಸಬೇಡ" ಅಂತ ಹೇಳಿ ಹೋಗ್ತಾರೆ. ಅವರು ಹೋದ ಮೇಲೆ ಅಮ್ಮ ಮಾತೇ ಆಡಲ್ಲ. ಯಾರೋ ಮೈಂಡ್‌ಫುಲ್‌ನೆಸ್ ಮಾಡಿಸಿ ಅಂದ್ರು, ಉಸಿರನ್ನ, ಮೈಯನ್ನ ಸುಮ್ಮನೆ ಗಮನಿಸೋ ಅಭ್ಯಾಸ ಅಂತೆ. ನಿಮ್ಮಲ್ಲಿ ಯಾರಾದರೂ ಮಾಡಿದ್ದೀರಾ? ನಿದ್ದೆ ಬರುತ್ತಾ?

ವಾರ್ಡ್ ಸಿಸ್ಟರ್
ಮೊದಲು ಔಷಧಿ ಚೀಟಿ ನೋಡಮ್ಮ. ವಾಂತಿ, ಅಲರ್ಜಿ ಆಗದಿರಲಿ ಅಂತ ಕೀಮೋ ಜೊತೆ ಡೆಕ್ಸಾಮೆಥಾಸೋನ್ ಕೊಡೋದುಂಟು. ಅದು ಸ್ಟೀರಾಯ್ಡ್, ನಿದ್ದೆ ಕೆಡಿಸುತ್ತೆ. ಸಂಜೆ ಡೋಸ್ ಇದ್ದರೆ ಇನ್ನೂ ಬೇಗ ತಗೋಬಹುದಾ ಅಂತ ಡಾಕ್ಟರನ್ನ ಕೇಳು. ನೀವಾಗೇ ನಿಲ್ಲಿಸಬೇಡಿ. ನೋವು, ರಾತ್ರಿ ಮೈ ಬಿಸಿಯೇರಿ ಬೆವರೋದು ಇದ್ದರೆ ಅದನ್ನೂ ಹೇಳು. ಓಪಿಡಿ ಗಲಾಟೆಯಲ್ಲಿ ಇದನ್ನೆಲ್ಲ ಯಾರೂ ಕೇಳಲ್ಲ, ರೋಗಿಯೂ ಹೇಳಲ್ಲ.

ಮೈಸೂರಿನ ಟೀಚರ್
2019ರಲ್ಲಿ ನನಗೂ ಎಡಗಡೆ ಸ್ತನ ತೆಗೆದರು. ಕೀಮೋ ಮುಗಿದ ಮೇಲೂ ನಿದ್ದೆ ಮರಳಲಿಲ್ಲ. ಆಮೇಲೆ ಆನ್‌ಲೈನಲ್ಲಿ ಎಂಟು ವಾರದ ಮೈಂಡ್‌ಫುಲ್‌ನೆಸ್ ಕ್ಲಾಸ್ ಸೇರಿದೆ. ಜಾನ್ ಕಬಾತ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶುರುಮಾಡಿದ ಪದ್ಧತಿ ಅದು.

ಅದರಲ್ಲಿ ಮಲಗಿಕೊಂಡು ಅಂಗಾಲಿನಿಂದ ತಲೆವರೆಗೆ ಮೈಯನ್ನ ಗಮನಿಸಬೇಕು. ಕಾಲು, ಹೊಟ್ಟೆ ಎಲ್ಲ ಸರಿ. ಎದೆ ಹತ್ರ ಬಂದಾಗ ಆ ಕಡೆ ಸ್ಪರ್ಶವೇ ಇಲ್ಲ, ಕಂಕುಳಲ್ಲಿ ಹುರಿ ಬಿಗಿದ ಹಾಗೆ ಎಳೆತ. ಬಿಕ್ಕಿಬಿಕ್ಕಿ ಅತ್ತೆ. ಹೇಳಿಕೊಡೋರು "ಆ ಜಾಗ ಬಿಡಿ, ಪಾದಕ್ಕೆ ವಾಪಸ್ ಬನ್ನಿ, ಹೊದಿಕೆಯ ಭಾರ ಎಲ್ಲಿ ಗೊತ್ತಾಗುತ್ತೆ ನೋಡಿ" ಅಂದರು. ಅಮ್ಮನಿಗೂ ಪಾದದಿಂದ, ಅಂಗೈಯಿಂದ ಮಾತ್ರ ಶುರು ಮಾಡಿಸಿ. ಗಾಯದ ಜಾಗಕ್ಕೆ ಅವರೇ ಯಾವಾಗಲಾದರೂ ಹೋಗಲಿ, ಹೋಗದಿದ್ದರೂ ಪರವಾಗಿಲ್ಲ.

"ಮತ್ತೆ ಬಂದ್ರೆ?" ಅನ್ನೋ ಯೋಚನೆ ಬಂದಾಗ ಅದನ್ನ ಓಡಿಸದೆ, "ಭಯ ಆಗ್ತಿದೆ" ಅಂತ ಒಪ್ಪಿಕೊಂಡು ಉಸಿರಿಗೆ ಬರೋದು ಕಲಿತೆ. ನೆಂಟರು ಹೆದರೋಕೂ ಬಿಡಲ್ಲವಲ್ಲ, ನನಗೆ ದೊಡ್ಡ ಸಮಾಧಾನ ಸಿಕ್ಕಿದ್ದು ಅಲ್ಲೇ.

ಆದರೆ ಇದು ನಿದ್ದೆ ಮಾತ್ರೆ ಅಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ ನಿದ್ರಾಹೀನತೆ ಇದ್ದ 111 ಕ್ಯಾನ್ಸರ್ ರೋಗಿಗಳ ಮೇಲೆ ಮಾಡಿದ ಅಧ್ಯಯನ 2014ರಲ್ಲಿ ಬಂತು. ತರಬೇತಿ ಮುಗಿದ ಕೂಡಲೇ ನೋಡಿದರೆ ಮಲಗೋ ಅಭ್ಯಾಸ, ಯೋಚನೆ ತಿದ್ದೋ, ನಿದ್ದೆಗಂತಲೇ ಇರುವ ಸಿಬಿಟಿ-ಐ ಚಿಕಿತ್ಸೆಯೇ ಮುಂದಿತ್ತು, ಕೆಲವು ತಿಂಗಳಾದ ಮೇಲೆ ಮೈಂಡ್‌ಫುಲ್‌ನೆಸ್ ಅದರ ಸಮಕ್ಕೆ ಬಂತು. ಸಿಬಿಟಿ-ಐನಲ್ಲೂ ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ, ಎದ್ದು ಏನಾದರೂ ಸಣ್ಣ ಕೆಲಸ ಮಾಡಿ, ತೂಕಡಿಕೆ ಬಂದಾಗ ಹೋಗಿ ಮಲಗಿ ಅಂತಲೇ ಹೇಳ್ತಾರೆ. ಅಮ್ಮ ಅಕ್ಕಿ ಆರಿಸೋದನ್ನ ತಡೀಬೇಡಿ, ಟ್ಯೂಬ್‌ಲೈಟ್ ಬದಲು ಸಣ್ಣ ಬಲ್ಬ್ ಹಾಕಿಕೊಡಿ.

ಹಾಸನದ ಅಣ್ಣ
ಊಟ ಬಿಟ್ಟರೆ, "ಯಾಕೆ ಬದುಕಬೇಕು" ಅನ್ನೋ ಥರ ಮಾತು ಬಂದರೆ ಕಾಯಬೇಡಿ ತಂಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ನೋಡಿಕೊಳ್ಳೋರೂ ಮಾಡಬಹುದು. ಅಪ್ಪನ ಟ್ರೀಟ್‌ಮೆಂಟ್ ಟೈಮಲ್ಲಿ ನಾನೇ ಮಾಡಿದ್ದೆ.

ತೀರ್ಥಹಳ್ಳಿ ಹುಡುಗಿ
ಚೀಟಿ ನೋಡಿದೆ ಸಿಸ್ಟರ್, ಒಂದು ಡೋಸ್ ರಾತ್ರಿ ಊಟ ಆದ ಮೇಲೆ ಅಂತಿದೆ. ಸೋಮವಾರ ಕೇಳ್ತೀನಿ. ಟೀಚರ್, ಕಣ್ಣು ಮುಚ್ಚಿದ್ರೆ ಅಮ್ಮನಿಗೆ ಹೆದರಿಕೆ ಆಗುತ್ತಂತೆ.

ಮೈಸೂರಿನ ಟೀಚರ್
ಕಣ್ಣು ಮುಚ್ಚಲೇಬೇಕು ಅಂತೇನಿಲ್ಲ. ಹಗಲು ಹೊತ್ತು, ಜಗಲಿಯಲ್ಲಿ, ಕಣ್ಣು ಬಿಟ್ಟುಕೊಂಡೇ ಐದು ನಿಮಿಷ ಕೂರಲಿ. ನೀವೂ ಪಕ್ಕ ಕೂತ್ಕೊಳ್ಳಿ. ಗಾಬರಿ ಹೆಚ್ಚಾದರೆ ಅಲ್ಲಿಗೇ ಬಿಟ್ಟುಬಿಡಿ, ಡಾಕ್ಟರ ಹತ್ರ ಹೋದಾಗ ಅದನ್ನೂ ಹೇಳಿ.