ಪ್ರಾಸ್ಟೇಟ್ ತೊಂದರೆ: ಯೂರಾಲಜಿ (ಮೂತ್ರರೋಗ) ಡಾಕ್ಟರಿಗೆ ಕೇಳ್ರಿ

ಗೋಕಾಕ: ಸರ್, ವಯಸ್ಸು 61. ಸ್ಕ್ಯಾನಿಂಗ್‌ನ್ಯಾಗ ಪ್ರಾಸ್ಟೇಟ್ 48 ಗ್ರಾಂ ಅಂತ ಬಂದೈತಿ. ಆಪರೇಷನ್ ಬೇಕಾಗತೈತೇನ್ರಿ?

ಡಾಕ್ಟರ್: ಗ್ರಾಂ ನೋಡಿ ಆಪರೇಷನ್ ಮಾಡೂದಿಲ್ಲ. ಪ್ರಾಯದಾಗ ಈ ಗ್ರಂಥಿ ಸುಮಾರು 20 ಗ್ರಾಂ. ಮೂತ್ರಕೋಶದ ಕೆಳಗ ಇರತದ, ಮೂತ್ರನಾಳ ಅದರ ನಡುವನ ಹಾಯ್ದು ಹೋಗತದ. ವಯಸ್ಸಾದಂಗ ಬೆಳೆಯೂದು ನಾಳದ ಸುತ್ತಲಿನ ಒಳಭಾಗ. ಹೊರಗ ಹಿಗ್ಗಿದ್ರ 80 ಗ್ರಾಂ ಆದ್ರೂ ಮೂತ್ರದ ಧಾರೆ ಚಲೋ ಇರಬಹುದು. ನಡುವಿನ ಹಾಲೆ ಮೂತ್ರಕೋಶದೊಳಗ ಉಬ್ಬಿದ್ರ 30 ಗ್ರಾಂನ್ಯಾಗೂ ಬಾಯಿ ಮುಚ್ಚತದ. ಒಂದಕ್ಕ ಹೋಗಿಬಂದ ಮ್ಯಾಲ ಎಷ್ಟು ಮಿಲಿ ಉಳದದ? ರಿಪೋರ್ಟ್‌ನ್ಯಾಗ ಇರತದ, ಅದನ್ನ ಹಾಕ್ರಿ. ಯೂರೋಫ್ಲೋ (ಮೂತ್ರದ ಧಾರೆ ಅಳೆಯೂ ಪರೀಕ್ಷೆ) ಮಾಡ್ಸಿದ್ರ 150 ಮಿಲಿಗಿಂತ ಕಡಿಮಿ ಹೋಗಿದ್ದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ.

ಜಮಖಂಡಿ: ನಂದು 52 ಗ್ರಾಂ. ಆಪರೇಷನ್ ಬೇಕೇನ್ರಿ?

ಡಾಕ್ಟರ್: ಮ್ಯಾಲ ಓದ್ರಿ.

ಮುಧೋಳ: ಫಾರ್ವರ್ಡ್ ಬಂದೈತಿ: "ಮುಂಜಾನೆ ಬರೀ ಹೊಟ್ಟೀಲೆ 2 ಲೀಟರ್ ಬಾರ್ಲಿ ನೀರು, ಮ್ಯಾಲ ನೆಗ್ಗಿನಮುಳ್ಳಿನ ಕಷಾಯ. ಗಂಟು ಕರಗತೈತಿ. ಎಲ್ಲಾ ಗುಂಪಿಗೂ ಕಳಸ್ರಿ."

ಡಾಕ್ಟರ್: ಅದು ಗಂಟಲ್ಲ, ಕರಗೂದೂ ಇಲ್ಲ. ಬಾಯಿ ಬಿಗಿದ ಮೂತ್ರಕೋಶಕ್ಕ ಒಮ್ಮೆಲೆ 2 ಲೀಟರ್ ಸುರುವಿದ್ರ ಮೂತ್ರ ಅವತ್ತೇ ಕಟ್ಟಬಹುದು.

ಇಂಡಿ: ಸಾಹೇಬ್ರ, ನಮ್ಮ ಅಪ್ಪಾರಿಗೆ 72. ನೋವು ಏನೂ ಇಲ್ಲ. ಎರಡು ತಿಂಗಳಿಂದ ರಾತ್ರಿ ನಿದ್ದ್ಯಾಗ ಹಾಸಿಗಿ ತೊಯ್ಸ್ಕೋತಾರ, ಹಗಲೂ ಹನಿಹನಿ. ಊಟ ಸೇರವಲ್ದು, ಕಾಲು ಬಾತಾವ. ವಯಸ್ಸಾತು ಅಂತ ಡೈಪರ್ ಹಾಕೇವಿ.

ಡಾಕ್ಟರ್: ಇವತ್ತೇ ವಿಜಯಪುರಕ್ಕ ಕರಕೊಂಡು ಹೋಗ್ರಿ, ನಾಳೆ ಅಲ್ಲ. ನೋವಿಲ್ಲ ಅನ್ನೂದೇ ಇಲ್ಲಿ ಅಪಾಯ. ಮೂತ್ರ ಒಮ್ಮೆಲೆ ಕಟ್ಟಿದ್ರ ಮನುಷ್ಯಾ ಒದ್ದಾಡಿ ತಾನೇ ದವಾಖಾನಿಗೆ ಓಡತಾನ. ತಿಂಗಳುಗಟ್ಟಲೆ ಸಾವಕಾಶ ತುಂಬಿದ ಮೂತ್ರಕೋಶ ಹಿಗ್ಗಿ ಹಿಗ್ಗಿ ಸೂಚನಾ ಕೊಡೂದೇ ಬಿಡತದ. ನಿದ್ದ್ಯಾಗ ಬಿಗಿ ಸಡಿಲಾದಾಗ ತುಂಬಿದ್ದು ತುಳುಕತದ. ಆ ಒತ್ತಡ ಹಿಂದಕ್ಕ ಏರಿ ಎರಡೂ ಕಿಡ್ನಿ ಊದಸತದ. ಊಟ ಸೇರದ್ದು, ಕಾಲು ಬಾತದ್ದು ಕಿಡ್ನಿಯ ಗುರುತು ಇರಬಹುದು. ಅಂಗಾತ ಮಲಗಿಸಿ ಹೊಕ್ಕಳ ಕೆಳಗ ಕೈ ಇಟ್ಟು ನೋಡ್ರಿ. ಗುಂಡಗ, ಬಿಗಿಯಾಗಿ ಹತ್ತಿದ್ರ ಅದು ಮೂತ್ರಕೋಶ. ಹತ್ತಲಿಲ್ಲಂದ್ರೂ ಹೋಗ್ರಿ.

ಅಲ್ಲಿ ರಕ್ತದಾಗ ಕ್ರಿಯಾಟಿನಿನ್ (ಕಿಡ್ನಿ ಹೆಂಗ ಕೆಲಸ ಮಾಡತದ ಅಂತ ತೋರಸೂದು), ಪೊಟ್ಯಾಸಿಯಂ, ಜೋಡಿಗೆ ಸ್ಕ್ಯಾನಿಂಗ್ ನೋಡಿ ಕ್ಯಾತೆಟರ್ ನಳಿ ಹಾಕತಾರ. ನಳಿ ಹಾಕಿಸಿ ಅವತ್ತೇ ಮನಿಗೆ ಕರಕೊಂಡು ಬರಬ್ಯಾಡ್ರಿ. ತಡೆ ಬಿಟ್ಟ ಕೂಡಲೆ ಕಿಡ್ನಿ ತಾಸಿಗೆ 200 ಮಿಲಿ ಮೀರಿ ಸುರಿಸಬಹುದು, ಆಗ ಬಿ.ಪಿ. ಇಳೀತದ, ಸೋಡಿಯಂ, ಪೊಟ್ಯಾಸಿಯಂ ಏರುಪೇರಾಗತಾವ. ತಾಸಿಗೊಮ್ಮೆ ಅಳೀಬೇಕು. ಚೀಲದಾಗ ಸ್ವಲ್ಪ ಕೆಂಪು ಬಂದ್ರ ಗಾಬರಿ ಬ್ಯಾಡ. ರಕ್ತ ಗಡ್ಡಿಗಟ್ಟಿ ನಳಿ ಕಟ್ಟಿದ್ರ ತಕ್ಷಣ ಹೇಳ್ರಿ. "ಒಮ್ಮೆ ನಳಿ ತಗದು ನೋಡೂಣು" ಅಂತ ನೀವಾಗೇ ಒತ್ತಾಯ ಮಾಡಬ್ಯಾಡ್ರಿ, ಇಂಥ ಕೇಸಿನ್ಯಾಗ ಆಪರೇಷನ್ ತನಕ ಅದು ಇರೂದೇ ಸುರಕ್ಷಿತ. ಕಾಲುನೋವಿಗೆ ಅಂತ ಡೈಕ್ಲೋಫೆನಾಕ್ ನೋವಿನ ಗುಳಿಗಿ ಕೊಡಬ್ಯಾಡ್ರಿ, ಕಿಡ್ನಿಗೆ ಕೆಟ್ಟದ್ದು.

ಮುಧೋಳ: ನಮ್ಮ ಹಿರ್ಯಾರು ಇದೆಲ್ಲಾ ಮಾಡಸ್ತಿದ್ರೇನು?

ಅಥಣಿ: ಫಾರ್ವರ್ಡ್ ಒಗೆಯೂದು ಬಿಟ್ಟು ಮ್ಯಾಲಿಂದು ಓದ್ರಿ ಮಾರಾಯ್ರ.

ಮುಧೋಳ: ನೀವು ಮೆಡಿಕಲ್ ಅಂಗಡ್ಯಾವ್ರು. ಗುಳಿಗಿ ಮಾರಾಟ ಆದ್ರ ಸಾಕು ನಿಮಗ.

ಅಥಣಿ: ಮಾರತೀವಿ, ಕೇಳಿ ಮಾರತೀವಿ. 60 ದಾಟಿದವ್ರು ನೆಗಡಿ ಗುಳಿಗಿ ಬೇಡಿದ್ರ ಮೊದಲ ಧಾರೆ ಹೆಂಗೈತಿ ಅಂತ ಕೇಳಬೇಕು. ಫೀನೈಲೆಫ್ರಿನ್ (ಕಟ್ಟಿದ ಮೂಗು ಬಿಡಿಸೂದು), ಸಿ.ಪಿ.ಎಂ. (ಸೀನು, ಸೋರೂದು ನಿಲ್ಲಿಸೂ ಕ್ಲೋರ್‌ಫೆನಿರಮೈನ್) ಕೂಡಿದ್ದು ನುಂಗಿದ್ರ ಮೂತ್ರ ಕಟ್ಟಬಹುದು.

ಡಾಕ್ಟರ್: ಖರೆ. ಮೊದಲನೇದು ಮೂತ್ರಕೋಶದ ಬಾಯಿ ಬಿಗೀತದ, ಎರಡನೇದು ಮೂತ್ರಕೋಶದ ಬಲ ತಗೀತದ.

ಬಾದಾಮಿ: ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಗುಳಿಗಿ ಶುರು ಮಾಡಿದಾಗಿಂದ ಎದ್ರ ತಲಿ ತಿರಗತೈತಿ. ಮುಂದಿನ ವಾರ ಕಣ್ಣಿನ ಪೊರೆ ಆಪರೇಷನ್ ಬ್ಯಾರೆ ಐತಿ.

ಡಾಕ್ಟರ್: 0.4 ಮಿ.ಗ್ರಾಂ. ರಾತ್ರಿ ಊಟ ಆದ ಮ್ಯಾಲ ತಗೋರಿ, ಬರೀ ಹೊಟ್ಟೀಲೆ ಬ್ಯಾಡ. ಏಳುವಾಗ ಮೊದಲ ಕೂತು, ತಡದು ನಿಲ್ರಿ. ಬಿ.ಪಿ. ಗುಳಿಗಿ ಇದ್ರ ನಿಮ್ಮ ಡಾಕ್ಟರಿಗೆ ತೋರಿಸ್ರಿ. ಕಣ್ಣಿನ ಡಾಕ್ಟರಿಗೆ ಈ ಗುಳಿಗಿ ಹೆಸರು ಹೇಳಲೇಬೇಕು: ಕಣ್ಣಿನ ಐರಿಸ್ (ಪಾಪೆ ಸುತ್ತಲಿನ ಬಣ್ಣದ ಪರದೆ) ಸಡಿಲಾಗಿ ಆಪರೇಷನ್ ನಡುವೆ ತೊಂದರೆ ಕೊಡತದ. ಈಗ ಬಿಟ್ರೂ ಆ ಪರಿಣಾಮ ಹೋಗತದ ಅನ್ನೂ ಖಾತ್ರಿ ಇಲ್ಲ.

ರಬಕವಿ: ಪ್ರಾಸ್ಟೇಟ್ ಕುಗ್ಗಿಸೂ ಡುಟಾಸ್ಟರೈಡ್ ಗುಳಿಗಿ ಒಂದು ವರ್ಷದಿಂದ ತಗೋತೀನಿ. ಪಿ.ಎಸ್.ಎ. (ಪ್ರಾಸ್ಟೇಟ್ ಕ್ಯಾನ್ಸರ್ ಸುಳಿವಿಗೆ ನೋಡೂ ರಕ್ತಪರೀಕ್ಷೆ) 3.1, ನಾರ್ಮಲ್ ಅಲ್ಲೇನ್ರಿ?

ಡಾಕ್ಟರ್: ಆ ಗುಳಿಗಿ ಪಿ.ಎಸ್.ಎ.ನ ಸುಮಾರು ಅರ್ಧಕ್ಕ ಇಳಸತದ. ನಿಮ್ಮದನ್ನ 6.2 ಅಂತ ಓದ್ರಿ. ಹಳೇ ರಿಪೋರ್ಟ್ ತಗೊಂಡು ತೋರಿಸ್ರಿ.

ಹುನಗುಂದ: ಆಯುಷ್ಮಾನ್ ಕಾರ್ಡಿನ್ಯಾಗ ಲೇಸರ್ ಆಪರೇಷನ್ ಆಗತೈತೇನ್ರಿ?

ಜಮಖಂಡಿ: 52 ಗ್ರಾಂಗೆ ಉತ್ತರ ಸಿಗಲಿಲ್ಲ.

ಡಾಕ್ಟರ್: ಸಿಕ್ಕದ.

ಸಿಂದಗಿ: ಆಪರೇಷನ್ ಆದ್ರ ಗಂಡಸ್ತನ ಹೋಗತದಂತ?

ಡಾಕ್ಟರ್: ನಿಮಿರುವಿಕೆ ಹೆಚ್ಚಿನವ್ರಿಗೆ ಮೊದಲಿನಂಗೇ ಉಳೀತದ. ವೀರ್ಯ ಹೊರಗ ಬರದ ಮೂತ್ರಕೋಶಕ್ಕ ಹಿಂದಿರುಗೂದು ಬಹಳ ಜನಕ್ಕ ಆಗತದ. ಮಕ್ಕಳು ಬೇಕಂದ್ರ ಮೊದಲ ಹೇಳ್ರಿ. ತಗಿಯೂದು ಒಳಭಾಗ ಅಷ್ಟೇ. ಹೊರಪದರ ಅಲ್ಲೇ ಇರತದ, ಕ್ಯಾನ್ಸರ್ ಹೆಚ್ಚಾಗಿ ಹುಟ್ಟೂದೂ ಅಲ್ಲೇ. ಆಪರೇಷನ್ ಆತು ಅಂತ ಪಿ.ಎಸ್.ಎ. ಬಿಡಬ್ಯಾಡ್ರಿ.

ಮುಧೋಳ: ನೋಡ್ರಿ, ಡಾಕ್ಟರ್ರ ಒಪ್ಪಿಕೊಂಡ್ರು.

ಅಥಣಿ: ಏನ್ ಒಪ್ಪಿಕೊಂಡ್ರು? ಓದಾಕ ಬರತೈತೋ ಇಲ್ಲೋ?

ಮುಧೋಳ: ಬಾಯಿ ಬಿಗಿ ಹಿಡದು ಮಾತಾಡ್ರಿ.

ಡಾಕ್ಟರ್: ನಿಮ್ಮ ಜಗಳಾ ಬ್ಯಾರೆ ಕಡೆ ಮಾಡ್ಕೋರಿ. ಇಂಡಿಯವ್ರ, ಹೊಂಟ್ರೇನು?

ಇಂಡಿ: ಗಾಡ್ಯಾಗ ಅದೀವ್ರಿ. ಹೊಕ್ಕಳ ತನಕ ಬಿಗಿಯಾಗಿ ಹತ್ತೇದ.

ಡಾಕ್ಟರ್: ಅವರ ಗುಳಿಗಿ ಚೀಟಿ ಎಲ್ಲಾ ಜೋಡಿ ಇರಲಿ. ಶುಗರ್‌ಗೆ ಮೆಟ್‌ಫಾರ್ಮಿನ್ ನಡದಿದ್ರ ಕ್ಯಾಜುವಲ್ಟಿಯೊಳಗ ಮೊದಲ ಅದನ್ನ ಹೇಳ್ರಿ.