ಪ್ರೊಲ್ಯಾಕ್ಟಿನ್ 142 ಬಂದೈತಿ, ಪಿಟ್ಯುಟರಿದಾಗ ಗಡ್ಡಿ ಐತಿ ಅಂತಾರ, ಮಕ್ಕಳಾಗ್ತಾವೇನ್ರಿ?

ಗದಗಿನ ಸೊಸಿ:
ಎಲ್ಲಾರ್ಗೂ ನಮಸ್ಕಾರ್ರಿ. ನಂದು ಗದಗ ಹತ್ರ ಒಂದ ಹಳ್ಳಿ, ವಯಸ್ಸು 27. ಲಗ್ನ ಆಗಿ ಮೂರ ವರ್ಷದ ಮ್ಯಾಲಾತು. ಮೊದ್ಲ ತಿಂಗಳಾ ಸರಿ ಆಗ್ತಿತ್ತು, ಆಮ್ಯಾಲ ಎರಡ ತಿಂಗಳಿಗೊಮ್ಮೆ ಮೂರ ತಿಂಗಳಿಗೊಮ್ಮೆ ಅನ್ಕೋತ ಈಗ ಪೂರಾ ನಿಂತಬಿಟ್ಟೈತಿ, ಪ್ರತಿ ಸಲ ತಡಾ ಆದಾಗ ಅತ್ತಿಯವ್ರು ಖುಷಿ ಆಗೋದು, ನಾ ಟೆಸ್ಟ್ ಮಾಡೋದು, ಒಂದ ಗೆರಿ ಬರೋದು. ಅದರ ಜೋಡಿ ಎದಿಯಿಂದ ಹಾಲಿನಂಗ ಹನಿ ಬರಾಕತ್ತೈತಿ, ನಾಚಿಕಿಗೆ ಯಾರಿಗೂ ಹೇಳಿದ್ದಿಲ್ಲ. ಈಗ ಹುಬ್ಬಳ್ಳ್ಯಾಗ ಡಾಕ್ಟರ್ ಬಾಯಿ ರಕ್ತ ಚೆಕ್ ಮಾಡಿಸ್ಯಾರ, ಥೈರಾಯ್ಡ್ ನಾರ್ಮಲ್, ಪ್ರೊಲ್ಯಾಕ್ಟಿನ್ 142. ಎಂಆರ್‌ಐದಾಗ 6 ಎಂಎಂ ಮೈಕ್ರೊಅಡಿನೋಮಾ, ಅಂದ್ರ ಸಣ್ಣ ಗಂಟು, ಅಂತ ಬರದಾರ. ಕ್ಯಾಬರ್ಗೋಲಿನ್ ಅರ್ಧ ಗುಳಿಗಿ ವಾರಕ್ಕ ಎರಡ ಸಲ ಕೊಟ್ಟಾರ. ಇದು ಬ್ರೇನ್ ಟ್ಯೂಮರ್ ಏನ್ರಿ? ತಲಿ ಕೊಯ್ಬೇಕಾಗ್ತೈತೇನು? ಮನ್ಯಾಗ ಕ್ಯಾನ್ಸರ್ ಅಂತ ಅಳಾಕತ್ತಾರ.

ಧಾರವಾಡದಾಕಿ:
ಮೊದಲ ಸಮಾಧಾನ ಮಾಡ್ಕೋರಿ ತಂಗಿ, ನಂಗೂ ಇದ ಇತ್ತು, ನನ್ನ ಮಗಳು ಈಗ ಸಾಲಿಗೆ ಹೋಗ್ತಾಳ. ಪಿಟ್ಯುಟರಿ ಅಂದ್ರ ಮೆದುಳಿನ ಬುಡಕ್ಕ ಕಡ್ಲಿಕಾಳಿನಷ್ಟು ಇರೋ ಗ್ರಂಥಿ, ಅದರಾಗ ಆಗೋ ಇಂಥಾ ಗಂಟು ಕ್ಯಾನ್ಸರ್ ಆಗಿರೋದು ಭಾಳ ಭಾಳ ಅಪರೂಪ. ನಿಮ್ಮ ಗಂಟು ಪ್ರೊಲ್ಯಾಕ್ಟಿನ್ ಮಾಡ್ತದ, ಅಂದ್ರ ಬಾಣಂತಿಗೆ ಹಾಲು ಬರಿಸೋ ಹಾರ್ಮೋನ್. ಅದು ಜಾಸ್ತಿ ಆದ್ರ ಅಂಡಾಶಯಕ್ಕ ಹೋಗೋ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನೋ ಹಾರ್ಮೋನ್ ಸಿಗ್ನಲ್ ಮ್ಯಾಲಿಂದನ ಕಡಿಮಿ ಆಗ್ತಾವ, ಅಂಡ ಬಿಡುಗಡಿ ಆಗೂದಿಲ್ಲ, ಮುಟ್ಟೂ ನಿಲ್ತದ. ಗರ್ಭಚೀಲ, ಅಂಡಾಶಯ ಎಲ್ಲಾ ಚೊಲೋನ ಇರ್ತಾವ, ಮ್ಯಾಲಿಂದ ಹುಕುಂ ಬರ್ಲಿಲ್ಲ ಅಷ್ಟ. ಗುಳಿಗಿ ತಗೊಂಡ್ರ ಹತ್ತರಾಗ ಎಂಟು ಮಂದಿಗೆ ಪ್ರೊಲ್ಯಾಕ್ಟಿನ್ ಇಳದು ಮುಟ್ಟು ತಿರುಗಿ ಶುರು ಆಗ್ತದ, ಗಂಟೂ ಸಣ್ಣದಾಗ್ತದ. ಆಪರೇಷನ್ ನಿಮ್ಮಂಥವ್ರಿಗೆ ಸಾಮಾನ್ಯವಾಗಿ ಬೇಕಾಗೂದಿಲ್ಲ.

ರಾತ್ರಿ ಊಟ ಆದಮ್ಯಾಲ ತಗೊಂಡು ಮಲಕೋರಿ, ಖಾಲಿ ಹೊಟ್ಟಿಲೆ ತಗೊಂಡ್ರ ಹೊಟ್ಟಿ ತೊಳಸ್ತದ ತಲಿ ತಿರಗ್ತದ. ಇನ್ನೊಂದು, ಮುಟ್ಟು ಬರೋಕಿಂತ ಮೊದಲ ಅಂಡ ಬಿಡುಗಡಿ ಆಗಬಹುದು, ಹಂಗಾಗಿ ಮುಟ್ಟು ಕಾಣದನ ಬಸರಾದವ್ರೂ ಇದ್ದಾರ. ಗುಳಿಗಿ ಶುರು ಆದಮ್ಯಾಲ ಡೌಟ್ ಬಂದ್ರ ಮನ್ಯಾಗ ಟೆಸ್ಟ್ ಮಾಡ್ಕೋರಿ, ಎರಡ ಗೆರಿ ಬಂದ್ರ ಅವತ್ತ ಡಾಕ್ಟರ್‌ಗೆ ಫೋನ್ ಹಚ್ರಿ, ಸಣ್ಣ ಗಂಟು ಇದ್ರ ಗುಳಿಗಿ ನಿಲ್ಲಿಸ್ತಾರ.

ಹುಬ್ಬಳ್ಳಿ ಬಾಬು:
ಇಷ್ಟೆಲ್ಲಾ ಯಾಕ್ರೀ, ನೇರ ಐವಿಎಫ್ ಮಾಡಿಸಿಬಿಡ್ರಿ, ವಿದ್ಯಾನಗರದಾಗ ಬೇಕಾದಷ್ಟ ಅದಾವು.

ಧಾರವಾಡದಾಕಿ:
ಬಾಬು ಅವ್ರ, ವಾರಕ್ಕ ಒಂದ ಗುಳಿಗಿಲೆ ಸರಿ ಆಗೋದಕ್ಕ ಹೊಲಾ ಮಾರಿ ಐವಿಎಫ್ ಯಾಕ? ಪ್ರೊಲ್ಯಾಕ್ಟಿನ್ ಇಳಸೂದು ಮೊದಲು. ಹಾಂ, ಯಜಮಾನ್ರ ವೀರ್ಯ ಟೆಸ್ಟ್ ಆಗೇದೇನು? ಅದನ್ನ ಬಿಟ್ಟು ಎಲ್ಲಾ ಟೆಸ್ಟ್ ಹೆಣ್ಣಿಗೆ ಮಾಡಸ್ತಾರ ನಮ್ಮ ಕಡೆ, ಸಿಟ್ಟ ಬರ್ತದ.

ಲ್ಯಾಬ್ ಅಣ್ಣ ಹಾವೇರಿ:
ಲ್ಯಾಬ್‌ನಾಗ ಕೆಲಸ ಮಾಡ್ತೀನ್ರಿ, ಡಾಕ್ಟರ್ ಅಲ್ಲ. ಬಸರಿ ಅಲ್ಲದವ್ರಿಗೆ ಪ್ರೊಲ್ಯಾಕ್ಟಿನ್ ಸುಮಾರು 25 ng/mL ಒಳಗ ಇರಬೇಕು. 40, 50 ಬಂದ್ರ ಹೆದರಿ ಎಂಆರ್‌ಐಗೆ ಓಡಬಾರದು, ಸೂಜಿ ಅಂಜಿಕಿಗೂ ಏರ್ತೈತಿ, ನಿದ್ದಿಯಿಂದ ಎದ್ದ ಕೂಡ್ಲೇನೂ ಜಾಸ್ತಿ ಇರ್ತೈತಿ, ಎದ್ದು ತಾಸೆರಡು ತಾಸ ಆದಮ್ಯಾಲ ಸ್ವಲ್ಪ ಕುಂತು ಆರಾಮಾಗಿ ರಕ್ತ ಕೊಡ್ರಿ ಅಂತ ನಾವ ಹೇಳ್ತೀವಿ. ನಿಮ್ದು 142, ಹಾಲೂ ಬರ್ತೈತಿ, ಹಂಗಾಗಿ ಅದು ಅಂಜಿಕಿ ಲೆಕ್ಕ ಅಲ್ಲ ಬಿಡ್ರಿ.

ಆದ್ರ ಒಂದ ಕೇಳ್ತೀನಿ, ಗ್ಯಾಸಿನ ಗುಳಿಗಿ ತಗೋತೀರೇನು? ನಮ್ಮ ಮಂದಿ ಮಿರ್ಚಿ ಭಜಿ ತಿನ್ನೋದು, ಮ್ಯಾಲ ಮೆಡಿಕಲ್ ಶಾಪಿನ್ಯಾಗ ಚೀಟಿ ಇಲ್ದ ಗ್ಯಾಸಿನ ಗುಳಿಗಿ ನುಂಗೋದು, ಅದರಾಗ ಡೊಂಪೆರಿಡೋನ್ ಇಲ್ಲಾ ಲಿವೊಸಲ್ಪಿರೈಡ್ ಇದ್ರ ಪ್ರೊಲ್ಯಾಕ್ಟಿನ್ ಚೊಲೋತ್ನ್ಯಾಗ ಏರ್ತೈತಿ. ಹತ್ತ ಮಂದ್ಯಾಗ ಸುಮಾರು ಒಬ್ಬರಿಗೆ ಪಿಟ್ಯುಟರಿದಾಗ ಏನೂ ತ್ರಾಸ ಕೊಡದ ಸಣ್ಣ ಗಂಟು ಸುಮ್ನ ಇರ್ತೈತಿ, ಅದಕ್ಕ ಎಂಆರ್‌ಐ ಒಂದ ನೋಡಿ ತೀರ್ಮಾನ ಮಾಡಾಕ ಬರೂದಿಲ್ಲ, ಎಲ್ಲಾ ಗುಳಿಗಿ ಡಾಕ್ಟರ್ ಮುಂದ ಇಡ್ರಿ. ಮನಸ್ಸಿನ ಕಾಯಿಲಿಗೆ ರಿಸ್ಪೆರಿಡೋನ್ ತಗೊಳ್ಳೋರಿಗೂ ಏರ್ತೈತಿ, ಅವ್ರು ಮಾತ್ರ ತಾವ ನಿಲ್ಲಿಸಬಾರದು, ಎರಡೂ ಕಡೆ ಡಾಕ್ಟರ್ ಮಾತಾಡಿ ನಿರ್ಧಾರ ಮಾಡಬೇಕು.

ರಾಣೆಬೆನ್ನೂರ್ ಹುಡುಗ:
ನಮ್ಮ ಅಕ್ಕಂದು ದೊಡ್ಡದಿತ್ರಿ, 10 ಎಂಎಂ ದಾಟಿದ್ರ ಮ್ಯಾಕ್ರೊ ಅಂತಾರ. ಆಕಿಗೆ ಎರಡೂ ಬಾಜು ಸರಿಯಾಗಿ ಕಾಣ್ತಿದ್ದಿಲ್ಲ, ಬಾಗಲಕ್ಕ ಹಾಯ್ತಿದ್ಲು, ಚಸ್ಮಾ ನಂಬರ್ ಬದ್ಲಾಗೇತಿ ಅಂತ ನಾವು ಸುಮ್ನಿದ್ವಿ. ಕಣ್ಣಿನ ನರ ಆ ಗ್ರಂಥಿ ಮ್ಯಾಲ ಹಾಯ್ದು ಹೋಗ್ತೈತಂತ, ಗಂಟು ಬೆಳದು ಒತ್ತಿದ್ರ ಹಿಂಗ. ದೊಡ್ಡ ಗಂಟಿನವ್ರು ಮೊದಲ ಅದನ್ನ ಸಣ್ಣ ಮಾಡ್ಕೊಂಡ ಬಸರಾಗ್ಬೇಕು, ಯಾಕಂದ್ರ ಬಸುರಿದ್ದಾಗ ಪಿಟ್ಯುಟರಿ ತಾನ ಉಬ್ಬತೈತಿ. ಸಣ್ಣ ಗಂಟಿನ್ಯಾಗ ಬಸುರಿದ್ದಾಗ ಗಂಟು ಬೆಳದು ಒತ್ತೋ ಕಾಟ ನೂರಕ್ಕ ಎರಡ ಮೂರ ಮಂದಿಗೆ, ದೊಡ್ಡದ್ರಾಗ ಬಾಳ ಜಾಸ್ತಿ. ಗುಳಿಗಿಗೆ ಬಗ್ಗದಿದ್ರ ಮೂಗಿನ್ಯಾಗಿಂದ ಆಪರೇಷನ್ ಮಾಡ್ತಾರ, ತಲಿ ಕೊಯ್ಯೋದು ಹೆಚ್ಚಾಗಿ ಬೇಕಾಗೂದಿಲ್ಲ. ಅಕ್ಕನ ಗಂಟು ಗುಳಿಗಿಲೇನ ಸಣ್ಣದಾತು.

ಗದಗಿನ ಸೊಸಿ:
ಎಲ್ಲಾರ್ಗೂ ಭಾಳ ಥ್ಯಾಂಕ್ಸ್ ರೀ, ಮನಿಯವ್ರಿಗೆ ಓದಿ ಹೇಳ್ದೆ. ಲ್ಯಾಬ್ ಅಣ್ಣಾರ, ಗ್ಯಾಸಿನ ಗುಳಿಗಿ ದಿನಾ ತಗೋತಿದ್ದೆ, ಸ್ಟ್ರಿಪ್ ನೋಡಿದ್ರ ಡೊಂಪೆರಿಡೋನ್ ಅಂತನ ಐತಿ! ಡಾಕ್ಟರ್‌ಗೆ ಹೇಳಿದ್ದಿಲ್ಲ, ಅದೂ ಗುಳಿಗಿ ಅಂತ ತಲ್ಯಾಗ ಬರಲಿಲ್ಲ. ಈ ವಾರ ಒಯ್ದ ತೋರಿಸ್ತೀನಿ, ಮನಿಯವ್ರೂ ಟೆಸ್ಟ್ ಕೊಡ್ತೀನಿ ಅಂದಾರ. ಇನ್ನೊಂದ ಡೌಟ್, ಕ್ಯಾಬರ್ಗೋಲಿನ್ ಸೋಮವಾರ, ಗುರುವಾರ ಅಂತ ಬರದಾರ, ಸೋಮವಾರ ನಂದು ಉಪವಾಸ ಇರ್ತೈತಿ, ಅವತ್ತ ರಾತ್ರಿ ಊಟಾನ ಇಲ್ಲ.

ಧಾರವಾಡದಾಕಿ:
ಡಾಕ್ಟರ್‌ನ ಕೇಳಿ ಮಂಗಳವಾರ, ಶುಕ್ರವಾರ ಮಾಡ್ಕೋರಿ, ನಡುವ ಮೂರ್ನಾಲ್ಕ ದಿನದ ಅಂತರ ಇದ್ರಾತು.